ಓದುಗರ ಪ್ರಶ್ನೆ, ವೈದ್ಯರ ಉತ್ತರ: ಆಕ್ಸಿಟೋಸಿನ್ ಎಲ್ಲರಿಗೂ ಒಂದೇ ಬಗೆಯಲ್ಲಿ ಒಗ್ಗುವುದೇ?

ಹಿಂದಿನ ಸಂಚಿಕೆಯಲ್ಲಿ ಆತಂಕದ ಬಗ್ಗೆ ಬರೆಯುವಾಗ ಆಕ್ಸಿಟೋಸಿನ್ ಎಂಬ ಹಾರ್ಮೋನಿನ ಹೆಸರನ್ನು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಸಾಗಿದ್ದೆ. ಆ ಒಂದು ಸಾಲಿಗೆ ಬಂದಷ್ಟು ಪತ್ರಗಳು ಉಳಿದ ಇಡೀ ಲೇಖನಕ್ಕೆ ಬರಲಿಲ್ಲ. ಅವುಗಳಲ್ಲಿ ಕೆಲವನ್ನು ಆಯ್ದು ಇಲ್ಲಿ ಉತ್ತರಿಸಿದ್ದೇನೆ. ಬರೆದವರ ಹೆಸರು, ಊರುಗಳನ್ನು ಬಿಟ್ಟಿದ್ದೇನೆ.

ಪ್ರಶ್ನೆ: ನನಗೆ 34 ವರ್ಷ. ನಾಲ್ಕು ಜನ ಸೇರಿದ ಕಡೆ ಮಾತನಾಡಬೇಕೆಂದರೆ ಎದೆ ಡವಗುಟ್ಟುತ್ತದೆ. ಆಕ್ಸಿಟೋಸಿನ್ ‘ಪ್ರೀತಿಯ ಹಾರ್ಮೋನು’, ಅದು ಆತಂಕವನ್ನು ಇಳಿಸುತ್ತದೆ ಎಂದು ಓದಿ ಆನ್‌ಲೈನಿನಲ್ಲಿ ಮೂಗಿನ ಸ್ಪ್ರೇ ತರಿಸಿದೆ. ನನ್ನ ಯಜಮಾನರೂ ಕುತೂಹಲಕ್ಕೆ ಬಳಸಿದರು. ಅವರಿಗೆ ಮನಸ್ಸು ಹಗುರಾದಂತೆ ಅನ್ನಿಸಿತಂತೆ. ನನಗೋ, ಎದುರಿಗಿದ್ದವರೆಲ್ಲ ನನ್ನನ್ನೇ ನೋಡುತ್ತಿದ್ದಾರೆ ಅನ್ನಿಸಿ ಕಸಿವಿಸಿ ಇನ್ನೂ ಹೆಚ್ಚಾಯಿತು. ಇದು ನನ್ನ ಭ್ರಮೆಯೇ, ಅಥವಾ ಗಂಡಸರಿಗೆ ಒಂದು ತೆರನಾಗಿ, ಹೆಂಗಸರಿಗೆ ಇನ್ನೊಂದು ತೆರನಾಗಿ ಅದು ಕೆಲಸ ಮಾಡುತ್ತದೆಯೇ?

ಉತ್ತರ: ಮೊದಲು ಆ ಸ್ಪ್ರೇಯ ಮಾತು ಮುಗಿಸೋಣ. ಹೀಗೆ ತರಿಸಿಕೊಂಡ ಸೀಸೆಯೊಳಗೆ ನಿಜಕ್ಕೂ ಎಷ್ಟು ಆಕ್ಸಿಟೋಸಿನ್ ಇದೆ ಎಂಬುದಕ್ಕೆ ಖಾತರಿಯಿಲ್ಲ. ಅದರಲ್ಲೂ ಈ ಹಾರ್ಮೋನು ಶಾಖಕ್ಕೆ ಬೇಗ ಕೆಡುವಂಥದ್ದು. ಆದ್ದರಿಂದ ನಿಮ್ಮಿಬ್ಬರ ಅನುಭವವನ್ನು ನಾನು ಪುರಾವೆಯೆಂದು ಹಿಡಿಯಲಾರೆ. ಆದರೆ ನಿಮಗಾದ ಕಸಿವಿಸಿಯನ್ನು ಭ್ರಮೆಯೆಂದು ತಳ್ಳಿಹಾಕುವುದೂ ಸರಿಯಲ್ಲ, ಏಕೆಂದರೆ ಪ್ರಯೋಗಾಲಯಗಳಲ್ಲಿ ಅಳತೆಮಾಡಿ ಕೊಟ್ಟ ಆಕ್ಸಿಟೋಸಿನ್ ಕೂಡ ಗಂಡಸರಲ್ಲಿ ಒಂದು ಫಲವನ್ನು, ಹೆಂಗಸರಲ್ಲಿ ಅದಕ್ಕೆ ತದ್ವಿರುದ್ಧವಾದ ಫಲವನ್ನು ತೋರಿಸಿದ್ದುಂಟು.

‘ಪ್ರೀತಿಯ ಹಾರ್ಮೋನು’ ಎಂಬ ಅಡ್ಡಹೆಸರು ಇದಕ್ಕೆ ಅಂಟಿದ್ದು ತೀರ ಈಚೆಗೆ. ಮೆದುಳಿನ ಬುಡದಲ್ಲಿದ್ದು ಈ ಹಾರ್ಮೋನನ್ನು ಬಿಡುಗಡೆ ಮಾಡುವ ಪಿಟ್ಯುಟರಿ ಗ್ರಂಥಿಯ ಸಾರ ಬೆಕ್ಕಿನ ಗರ್ಭಕೋಶವನ್ನು ಸಂಕುಚಿಸುತ್ತದೆ ಎಂಬುದನ್ನು ಇಂಗ್ಲೆಂಡಿನ ಹೆನ್ರಿ ಡೇಲ್ 1906ರಲ್ಲಿ ವರದಿ ಮಾಡಿದರು. ಗ್ರೀಕ್ ಮೂಲದ ಆಕ್ಸಿಟೋಸಿನ್ ಎಂಬ ಹೆಸರಿಗೆ ಶೀಘ್ರ ಪ್ರಸವ ಎಂಬ ಅರ್ಥ ಬಂದಿರುವುದು ಅದರಿಂದಲೇ. ಕೇವಲ ಒಂಬತ್ತು ಅಮೈನೋ ಆಮ್ಲಗಳ ಈ ಪುಟ್ಟ ಸರಪಳಿಯನ್ನು 1953ರಲ್ಲಿ ಕೃತಕವಾಗಿ ತಯಾರಿಸಿದ ವಿನ್ಸೆಂಟ್ ಡು ವಿನ್ಯೋ ಅವರಿಗೆ 1955ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. ಅಲ್ಲಿಂದ ಮುಂದೆ ಬಹಳ ಕಾಲ ಇದು ಹೆರಿಗೆ ಕೋಣೆಯ ಔಷಧ ಮಾತ್ರವಾಗಿತ್ತು. 2005ರಲ್ಲಿ ಜ್ಯೂರಿಕ್‌ನಲ್ಲಿ ನಡೆದ ಒಂದು ಪ್ರಯೋಗದಲ್ಲಿ, ಮೂಗಿನ ಮೂಲಕ 24 ಯೂನಿಟ್ ಆಕ್ಸಿಟೋಸಿನ್ ಪಡೆದವರು ಹಣದ ಆಟವೊಂದರಲ್ಲಿ ಅಪರಿಚಿತರನ್ನು ಹೆಚ್ಚು ನಂಬಿದರು ಎಂಬ ಫಲಿತಾಂಶ ಪ್ರಕಟವಾದಾಗ ಪತ್ರಿಕೆಗಳು ಅದನ್ನು ಹೊತ್ತು ಮೆರೆಸಿದವು. ಆ ಪ್ರಯೋಗದಲ್ಲಿ ಭಾಗವಹಿಸಿದವರೆಲ್ಲರೂ ಗಂಡಸರೇ ಎಂಬ ಸಂಗತಿಯನ್ನು ಹೆಚ್ಚಿನವರು ಗಮನಿಸಲಿಲ್ಲ. 2020ರಲ್ಲಿ 600ಕ್ಕೂ ಹೆಚ್ಚು ಗಂಡಸರ ಮೇಲೆ ಅದೇ ಮಾದರಿಯ ಪ್ರಯೋಗವನ್ನು ಮತ್ತೆ ನಡೆಸಿದಾಗ, ನಂಬಿಕೆ ಹೆಚ್ಚುತ್ತದೆಂಬ ಮೂಲ ಫಲಿತಾಂಶ ಸಿಗಲೇ ಇಲ್ಲ. ಈ ಸುದ್ದಿಯನ್ನು ಮಾತ್ರ ಯಾರೂ ಹೊತ್ತು ಮೆರೆಸಲಿಲ್ಲ.

ಗಂಡಸರನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿತ್ತು. ಗರ್ಭಕೋಶವನ್ನು ಸಂಕುಚಿಸುವ ವಸ್ತುವನ್ನು, ಗರ್ಭಿಣಿಯೆಂದು ತಿಳಿಯದೆ ಒಬ್ಬ ಹೆಣ್ಣುಮಗಳಿಗೆ ಕೊಟ್ಟುಬಿಟ್ಟರೆ ಎಂಬ ಭಯ ಒಂದು ಕಡೆ. ಋತುಚಕ್ರದ ಏರಿಳಿತಗಳು ಲೆಕ್ಕವನ್ನು ಕೆಡಿಸುತ್ತವೆ ಎಂಬ ಅನುಕೂಲಸಿಂಧು ತರ್ಕ ಇನ್ನೊಂದು ಕಡೆ. ಹೀಗಾಗಿ ಆರಂಭದ ವರ್ಷಗಳ ಬಹುಪಾಲು ಅಧ್ಯಯನಗಳು ಗಂಡಸರ ಮೇಲೆ ನಡೆದವು, ಅವುಗಳ ಸಾರವನ್ನು ‘ಮನುಷ್ಯರಲ್ಲಿ ಹೀಗಾಗುತ್ತದೆ’ ಎಂದು ಬರೆಯಲಾಯಿತು. ಯಾವುದನ್ನು ಕೆಡಕು ಎಂದು ಬದಿಗಿಟ್ಟರೋ ಅದೇ, ಅಂದರೆ ಅಂಡಾಶಯದ ಹಾರ್ಮೋನುಗಳಾದ ಈಸ್ಟ್ರೋಜೆನ್, ಪ್ರೊಜೆಸ್ಟರಾನ್‌ಗಳ ಏರಿಳಿತವೇ, ಈ ಕತೆಯ ಮುಖ್ಯ ಪಾತ್ರವೆಂದು ಗೊತ್ತಾದದ್ದು ಆಮೇಲೆ.

ಜರ್ಮನಿಯ ಗ್ರೆಗರ್ ಡೋಮ್ಸ್ ಮತ್ತು ಅವರ ಸಹೋದ್ಯೋಗಿಗಳ ಎರಡು ಅಧ್ಯಯನಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ಮೆದುಳಿನ ಆಳದಲ್ಲಿ ಬಾದಾಮಿಯ ಆಕಾರದ ಅಮಿಗ್ಡಲ ಎಂಬ ಭಾಗವಿದೆ. ಅಪಾಯದ ಸುಳಿವು ಕಂಡಾಗ ಅದು ಚುರುಕಾಗುತ್ತದೆ. 2007ರ ಅಧ್ಯಯನದಲ್ಲಿ ಗಂಡಸರಿಗೆ ಆಕ್ಸಿಟೋಸಿನ್ ಕೊಟ್ಟು, ಭಾವನೆಗಳನ್ನು ಸೂಸುವ ಮುಖಗಳ ಚಿತ್ರ ತೋರಿಸಿದಾಗ ಅಮಿಗ್ಡಲದ ಚಟುವಟಿಕೆ ಇಳಿಯಿತು. 2010ರಲ್ಲಿ, ಅಂಡೋತ್ಸರ್ಗದ ನಂತರದ ದಿನಗಳಲ್ಲಿದ್ದ ಹೆಂಗಸರಿಗೆ ಇದನ್ನು ಕೊಟ್ಟು ಹೆದರಿದ ಮುಖಗಳನ್ನು ತೋರಿಸಿದಾಗ ಅಮಿಗ್ಡಲದ ಚಟುವಟಿಕೆ ಏರಿತು. ಹಾರ್ಮೋನೂ ಅದೇ, ಮೂಗೂ ಅದೇ. ಫಲ ಮಾತ್ರ ಉಲ್ಟಾ. ಇವು ಚಿಕ್ಕ ಅಧ್ಯಯನಗಳು. ಇವುಗಳಿಂದ ‘ಎಲ್ಲ ಹೆಂಗಸರಲ್ಲೂ ಹೀಗೆ’ ಎಂಬ ತೀರ್ಮಾನಕ್ಕೆ ಬರಲಾಗದು. ಆದರೂ ದಿಕ್ಕೇ ತಿರುಗಿರುವುದನ್ನು ಕಡೆಗಣಿಸಲೂ ಆಗದು.

ಇನ್ನೂ ಹತ್ತಿರದಿಂದ ನೋಡಬೇಕೆಂದರೆ ಕ್ಯಾಲಿಫೋರ್ನಿಯಾ ಇಲಿಗಳ ಬಳಿಗೆ ಹೋಗಬೇಕು. ಈ ತಳಿಯಲ್ಲಿ ಗಂಡು ಮಾತ್ರವಲ್ಲದೆ ಹೆಣ್ಣೂ ತನ್ನ ಜಾಗಕ್ಕಾಗಿ ಕಾದಾಡುತ್ತದೆ. ಆದ್ದರಿಂದ ಸೋಲಿನ ಒತ್ತಡವನ್ನು ಎರಡೂ ಲಿಂಗಗಳಲ್ಲಿ ಸಮನಾಗಿ ಪರೀಕ್ಷಿಸಬಹುದು. ಡೇವಿಸ್‌ನಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬ್ರಯಾನ್ ಟ್ರೈನರ್ ಅವರ ತಂಡ, ಇಲಿಗಳಿಗೆ ಮೂರು ದಿನ ಸ್ವಲ್ಪ ಹೊತ್ತು ಎದುರಾಳಿಯ ಕೈಯಲ್ಲಿ ಸೋಲುವ ಅನುಭವ ಕೊಟ್ಟು, ಕೆಲವು ದಿನ ಬಿಟ್ಟು ಅವನ್ನು ಒಂದು ದೊಡ್ಡ ಪೆಟ್ಟಿಗೆಯಲ್ಲಿ ಬಿಡುತ್ತದೆ. ಪೆಟ್ಟಿಗೆಯ ಒಂದು ಗೋಡೆಗೆ ತಂತಿಯ ಪಂಜರ. ಅದರೊಳಗೆ ಪರಿಚಯವಿಲ್ಲದ ಇನ್ನೊಂದು ಇಲಿ. ನೆಮ್ಮದಿಯಾಗಿರುವ ಇಲಿ ನೇರ ಹೋಗಿ ಪಂಜರವನ್ನು ಮೂಸುತ್ತದೆ. ಸೋತು ಬಂದ ಹೆಣ್ಣಿಲಿ ದೂರದಲ್ಲೇ ನಿಂತು, ಮೈಯನ್ನು ಹಿಂದಕ್ಕೆ ಹಿಡಿದು, ತಲೆಯನ್ನು ಮಾತ್ರ ಪಂಜರದ ಕಡೆ ತಿರುಗಿಸಿ ಎವೆಯಿಕ್ಕದೆ ನೋಡುತ್ತಿರುತ್ತದೆ. ನೀವು ಪತ್ರದಲ್ಲಿ ವಿವರಿಸಿದ ಕಸಿವಿಸಿಯನ್ನು ಓದಿದಾಗ ನನಗೆ ಮೊದಲು ನೆನಪಾದದ್ದು ಈ ಇಲಿಯೇ. ಹೋಲಿಕೆಯನ್ನು ತಪ್ಪು ತಿಳಿಯಬೇಡಿ. 2016ರಲ್ಲಿ ಈ ತಂಡ ಮೂಗಿನ ಮೂಲಕ ಆಕ್ಸಿಟೋಸಿನ್ ಕೊಟ್ಟಾಗ, ಸೋತ ಗಂಡಿಲಿಗಳು ಅಪರಿಚಿತ ಇಲಿಯ ಹತ್ತಿರ ಹೋಗತೊಡಗಿದವು. ಸೋಲನ್ನೇ ಕಾಣದ ಹೆಣ್ಣಿಲಿಗಳು ಹತ್ತಿರ ಹೋಗುವುದನ್ನು ಕಡಿಮೆ ಮಾಡಿದವು. 2020ರಲ್ಲಿ ಅದೇ ತಂಡ, ಮೆದುಳಿನ ಬಿಎನ್‌ಎಸ್‌ಟಿ ಎಂಬ ಸಣ್ಣ ಭಾಗದಲ್ಲಿ ಆಕ್ಸಿಟೋಸಿನ್ ಉತ್ಪಾದನೆಯನ್ನು ತಗ್ಗಿಸಿದರೆ, ಸೋತ ಹೆಣ್ಣಿಲಿಗಳ ಆ ಎವೆಯಿಕ್ಕದ ಕಾವಲು ಕಡಿಮೆಯಾಗುತ್ತದೆ ಎಂದು ತೋರಿಸಿತು. ಅಂದರೆ ಅಲ್ಲಿ ಆಕ್ಸಿಟೋಸಿನ್ ಆತಂಕವನ್ನು ಇಳಿಸುತ್ತಿರಲಿಲ್ಲ, ಅದನ್ನು ಕಾಯ್ದುಕೊಂಡು ಬರುತ್ತಿತ್ತು.

ಹೀಗೇಕೆ? ಆಕ್ಸಿಟೋಸಿನ್ ಒಂದು ಕರೆಯಿದ್ದಂತೆ. ಅದರ ಫಲ, ಕೇಳಿಸಿಕೊಳ್ಳುವ ಕಿವಿಗಳು ಮೆದುಳಿನ ಯಾವ ಮೂಲೆಯಲ್ಲಿ ಎಷ್ಟಿವೆ ಎಂಬುದರ ಮೇಲೆ ನಿಂತಿದೆ. ಈ ಕಿವಿಗಳಿಗೆ ಗ್ರಾಹಕಗಳು ಎಂದು ಹೆಸರು. ಅವುಗಳನ್ನು ಹೆಚ್ಚಿಸುವಲ್ಲಿ ಈಸ್ಟ್ರೋಜೆನ್‌ನ ಕೈ ದೊಡ್ಡದು. ಅಂಡಾಶಯ ತೆಗೆದ ಹೆಣ್ಣಿಲಿಗಳಿಗೆ ಈಸ್ಟ್ರೋಜೆನ್ ಕೊಟ್ಟರೆ ಆಕ್ಸಿಟೋಸಿನ್‌ನ ಆತಂಕ ಇಳಿಸುವ ಗುಣ ಹೆಚ್ಚುತ್ತದೆ ಎಂದು 1996ರಲ್ಲೇ ಮಾರ್ಗರೆಟ್ ಮೆಕಾರ್ಥಿ ಮತ್ತು ಸಂಗಡಿಗರು ತೋರಿಸಿದ್ದರು. ಹಾಗಾಗಿ ‘ಹೆಣ್ಣಿನಲ್ಲಿ ಅದು ಆತಂಕ ಹೆಚ್ಚಿಸುತ್ತದೆ’ ಎಂದು ಹೇಳಿಬಿಡುವುದೂ ಅಷ್ಟೇ ತಪ್ಪು: ಈಸ್ಟ್ರೋಜೆನ್ ಏರಿರುವಾಗ, ಪರಿಚಿತ ಜಾಗದಲ್ಲಿ, ಅದೇ ಹೆಣ್ಣಿನಲ್ಲಿ ಅದು ತಣ್ಣನೆಯ ಪರಿಣಾಮ ಬೀರಬಲ್ಲುದು. ಪ್ರೊಜೆಸ್ಟರಾನ್ ಬಹುಮಟ್ಟಿಗೆ ಎದುರು ದಿಕ್ಕಿನಲ್ಲಿ ಎಳೆಯುತ್ತದೆ. ಗಂಡಿನಲ್ಲಿ ಪುರುಷ ಹಾರ್ಮೋನಾದ ಟೆಸ್ಟೋಸ್ಟೆರಾನ್‌ನ ಒಂದು ಪಾಲು ಮೆದುಳಿನೊಳಗೇ ಈಸ್ಟ್ರೋಜೆನ್ ಆಗಿ ಮಾರ್ಪಡುತ್ತದೆ. ಜೊತೆಗೆ ಆಕ್ಸಿಟೋಸಿನ್‌ಗಿಂತ ಎರಡೇ ಅಮೈನೋ ಆಮ್ಲಗಳಷ್ಟು ಬೇರೆಯಾದ ವಾಸೋಪ್ರೆಸಿನ್ ಎಂಬ ದಾಯಾದಿ ಹಾರ್ಮೋನನ್ನೂ ಟೆಸ್ಟೋಸ್ಟೆರಾನ್ ಮೆದುಳಿನ ಕೆಲವು ಭಾಗಗಳಲ್ಲಿ ಹೆಚ್ಚಿಸುತ್ತದೆ.

ಕಿವಿಗಳ ಸಂಖ್ಯೆ ಒಂದೇ ಆಗಿದ್ದರೂ ಕೇಳಿದ ಮೇಲೆ ನಡೆಯುವ ಕೆಲಸ ಬೇರೆಯಾಗಬಹುದು. ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದ ನಥಾನಿಯಲ್ ಹೈನ್ಸ್ ಅವರ ತಂಡ 2014 ಮತ್ತು 2016ರಲ್ಲಿ ಪ್ರಕಟಿಸಿದ ಅಧ್ಯಯನಗಳು ಈ ದೃಷ್ಟಿಯಿಂದ ನನಗೆ ಬಹಳ ಹಿಡಿಸಿದವು. ಇಲಿಗಳ ಮೆದುಳಿನ ಮುಂಭಾಗದಲ್ಲಿ ಆಕ್ಸಿಟೋಸಿನ್‌ಗೆ ಓಗೊಡುವ ಒಂದೇ ಬಗೆಯ ನರಕೋಶಗಳು ಗಂಡು ಹೆಣ್ಣು ಎರಡರಲ್ಲೂ ಇವೆ. ಗಂಡಿನಲ್ಲಿ ಅವು ಆತಂಕವನ್ನು ಇಳಿಸುತ್ತವೆ. ಹೆಣ್ಣಿನಲ್ಲಿ ಅವು ಬೆದೆಯ ದಿನಗಳಲ್ಲಿ ಗಂಡಿನ ಕಡೆಗಿನ ಆಸಕ್ತಿಯನ್ನು ನಿರ್ಧರಿಸುತ್ತವೆ. ಆ ಕೋಶಗಳನ್ನು ಸುಮ್ಮನಾಗಿಸಿದರೆ ಹೆಣ್ಣಿಗೆ ಎದುರಿಗಿರುವ ಗಂಡೂ ಒಂದೇ, ಒಂದು ಆಟದ ಇಟ್ಟಿಗೆಯೂ ಒಂದೇ. ಈ ಕೋಶಗಳು ಸಿಆರ್‌ಎಚ್ ಎಂಬ ಒತ್ತಡದ ಹಾರ್ಮೋನನ್ನು ಹಿಡಿದಿಡುವ ಪ್ರೋಟೀನೊಂದನ್ನು ತಯಾರಿಸುತ್ತವೆ, ಮತ್ತು ಆ ಒತ್ತಡದ ಹಾರ್ಮೋನಿನ ಪ್ರಮಾಣವೇ ಗಂಡು ಹೆಣ್ಣುಗಳಲ್ಲಿ ಬೇರೆಬೇರೆಯಾಗಿರುವುದರಿಂದ ಫಲವೂ ಬೇರೆಯಾಗುತ್ತದೆ ಎಂಬುದು ಅವರ ವಿವರಣೆ.

ಇಷ್ಟನ್ನೆಲ್ಲ ನೋಡಿದ ಮೇಲೆ, ಆಕ್ಸಿಟೋಸಿನ್ ಪ್ರೀತಿಯನ್ನಾಗಲಿ ನೆಮ್ಮದಿಯನ್ನಾಗಲಿ ತಾನೇ ತಂದುಕೊಡುವ ವಸ್ತು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಅದು ಎದುರಿಗಿರುವ ಜನರ ಕಡೆಗೆ ಮನಸ್ಸಿನ ಗಮನವನ್ನು ಹರಿತಗೊಳಿಸುತ್ತದೆ ಎಂದು ಅನೇಕ ಸಂಶೋಧಕರು ಹೇಳುವುದು ಹೆಚ್ಚು ಸರಿಯೆನ್ನಿಸುತ್ತದೆ. ನಂಬಿಕಸ್ಥರ ನಡುವೆ ಇರುವವರಿಗೆ ಆ ಹರಿತ ಗಮನ ಹಿತ. ಜನರನ್ನು ಕಂಡರೆ ಮೊದಲೇ ಅಳುಕುವವರಿಗೆ ಎದುರಿನವರ ಒಂದೊಂದು ಹುಬ್ಬಿನ ಚಲನೆಯೂ ದೊಡ್ಡದಾಗಿ ಕಾಣಬಹುದು. ಗಂಡಸರಿಗೂ ಇದರಿಂದ ವಿನಾಯಿತಿಯಿಲ್ಲ: 2013ರಲ್ಲಿ ಗಂಡಿಲಿಗಳ ಮೇಲೆ ನಡೆದ ಅಧ್ಯಯನವೊಂದು, ಮೆದುಳಿನ ಸೆಪ್ಟಮ್ ಎಂಬ ಭಾಗದಲ್ಲಿ ಆಕ್ಸಿಟೋಸಿನ್ ಸೋಲಿನ ನೆನಪನ್ನು ಗಟ್ಟಿಗೊಳಿಸಿ ಮುಂದಿನ ಹೆದರಿಕೆಯನ್ನು ಹೆಚ್ಚಿಸುತ್ತದೆಂದು ತೋರಿಸಿದೆ.

ನಿಮಗೆ ನನ್ನ ಸಲಹೆ ಇಷ್ಟೇ. ಸ್ಪ್ರೇ ಬಿಡಿ, ಗರ್ಭ ನಿಲ್ಲುವ ಸಾಧ್ಯತೆ ಇರುವಾಗಲಂತೂ ಅದರ ಹತ್ತಿರ ಹೋಗಬೇಡಿ. ಜನರೆದುರು ಮಾತನಾಡುವ ಆತಂಕಕ್ಕೆ ಅರಿವಿನ ವರ್ತನಾ ಚಿಕಿತ್ಸೆ ಮತ್ತು ಅಗತ್ಯವಿದ್ದರೆ ಸಿರೊಟೊನಿನ್ ಎಂಬ ಮೆದುಳಿನ ರಾಸಾಯನಿಕದ ಮೇಲೆ ಕೆಲಸ ಮಾಡುವ ಮಾತ್ರೆಗಳು ಗಂಡಸರಿಗೂ ಹೆಂಗಸರಿಗೂ ಗುಣ ಕೊಡುತ್ತವೆ ಎಂಬುದಕ್ಕೆ ಬೇಕಾದಷ್ಟು ಪುರಾವೆಯಿದೆ. ಮನೋವೈದ್ಯರನ್ನು ಕಂಡಾಗ, ಆತಂಕ ತಿಂಗಳ ಯಾವ ದಿನಗಳಲ್ಲಿ ಹೆಚ್ಚು, ಯಾವ ದಿನಗಳಲ್ಲಿ ಕಡಿಮೆ ಎಂಬುದನ್ನು ಎರಡು ಮೂರು ತಿಂಗಳು ಬರೆದಿಟ್ಟ ಚೀಟಿಯನ್ನು ಜೊತೆಗೆ ಒಯ್ಯಿರಿ.

ಪ್ರಶ್ನೆ: ನನ್ನ ತಂಗಿಗೆ ಹೆರಿಗೆ ನೋವು ಬರಿಸಲು ಡ್ರಿಪ್‌ನಲ್ಲಿ ಆಕ್ಸಿಟೋಸಿನ್ ಕೊಟ್ಟರು. ಮಗು ಚೆನ್ನಾಗಿದೆ. ಆದರೆ ಎರಡು ತಿಂಗಳಿನಿಂದ ಅವಳು ಯಾವುದರಲ್ಲೂ ಆಸಕ್ತಿಯಿಲ್ಲದೆ ಅಳುತ್ತಾ ಕೂರುತ್ತಾಳೆ. ಆ ಡ್ರಿಪ್ಪೇ ಇದಕ್ಕೆ ಕಾರಣ ಎಂದು ಮನೆಯವರು ಹೇಳುತ್ತಿದ್ದಾರೆ. ನಿಜವೇ?

ಉತ್ತರ: ಮೊದಲು ಮಾಡಬೇಕಾದದ್ದನ್ನು ಹೇಳಿಬಿಡುತ್ತೇನೆ. ಎರಡು ತಿಂಗಳು ಎಳೆದ ಅಳು ಬಾಣಂತಿತನದ ಮೊದಲ ವಾರದ ಮಾಮೂಲಿ ಅಳುಬುರುಕುತನವಲ್ಲ. ಅದು ಎರಡು ವಾರದೊಳಗೆ ತಾನಾಗಿ ಹೋಗುತ್ತದೆ. ನಿಮ್ಮ ತಂಗಿಯನ್ನು ಈ ವಾರವೇ ವೈದ್ಯರಿಗೆ ತೋರಿಸಿ. ತನಗಾಗಲಿ ಮಗುವಿಗಾಗಲಿ ಏನಾದರೂ ಮಾಡಿಬಿಡುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳಿ; ಕೇಳಿದ ಮಾತ್ರಕ್ಕೆ ಅಂಥ ಯೋಚನೆ ಹುಟ್ಟುವುದಿಲ್ಲ. ಹೌದೆಂದರೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ, ಒಬ್ಬಳನ್ನೇ ಬಿಡಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಪ್ರಕಾರ ಹೆರಿಗೆಯಾದ ಹೆಂಗಸರಲ್ಲಿ ಸುಮಾರು ಶೇ 13ರಷ್ಟು ಮಂದಿ ಮಾನಸಿಕ ಅಸ್ವಸ್ಥತೆಗೆ, ಅದರಲ್ಲೂ ಮುಖ್ಯವಾಗಿ ಖಿನ್ನತೆಗೆ ಒಳಗಾಗುತ್ತಾರೆ.

ಈಗ ಡ್ರಿಪ್‌ನ ವಿಚಾರ. ಅದರಲ್ಲಿರುವ ಆಕ್ಸಿಟೋಸಿನ್ ದೇಹ ತಯಾರಿಸುವ ಆಕ್ಸಿಟೋಸಿನ್‌ಗಿಂತ ಒಂದು ಪರಮಾಣುವಿನಷ್ಟೂ ಬೇರೆಯಲ್ಲ. ವ್ಯತ್ಯಾಸ ಇರುವುದು ದಾರಿಯಲ್ಲಿ. ಸಹಜವಾಗಿ ಅದು ಮೆದುಳಿನ ಭಾಗವಾದ ಹೈಪೋಥಲಾಮಸ್‌ನಲ್ಲಿ ತಯಾರಾಗಿ, ಒಂದು ಕಡೆ ಪಿಟ್ಯುಟರಿ ಗ್ರಂಥಿಯ ಹಿಂಭಾಗದಿಂದ ರಕ್ತಕ್ಕೆ ಅಲೆಯಲೆಯಾಗಿ ಬಿಡುಗಡೆಯಾಗುತ್ತದೆ, ಇನ್ನೊಂದು ಕಡೆ ಮೆದುಳಿನೊಳಗೂ ಹರಡುತ್ತದೆ. ಡ್ರಿಪ್‌ನದು ರಕ್ತದಲ್ಲಿ ಒಂದೇ ಸಮನೆ ಹರಿಯುತ್ತದೆ. ರಕ್ತದಿಂದ ಮೆದುಳಿಗೆ ದಾಟುವುದು ತೀರ ಅತ್ಯಲ್ಪ. 2017ರಲ್ಲಿ ಅಮೆರಿಕದ 46,000ಕ್ಕೂ ಹೆಚ್ಚು ಹೆರಿಗೆಗಳ ದಾಖಲೆಗಳನ್ನು ಆಧರಿಸಿ ಪ್ರಕಟವಾದ ಅಧ್ಯಯನವೊಂದು, ಹೆರಿಗೆಯ ಹೊತ್ತಿಗೆ ಆಕ್ಸಿಟೋಸಿನ್ ಪಡೆದವರಲ್ಲಿ ಮುಂದಿನ ಒಂದು ವರ್ಷದೊಳಗೆ ಖಿನ್ನತೆ ಮತ್ತು ಆತಂಕ ಕೊಂಚ ಹೆಚ್ಚಾಗಿ ಕಂಡುಬಂತೆಂದು ಹೇಳಿದ್ದು ನಿಜ. ಆದರೆ ಡ್ರಿಪ್ ಯಾರಿಗೆ ಹಾಕುತ್ತಾರೆ ಎಂಬುದನ್ನು ಯೋಚಿಸಿ: ಹೆರಿಗೆ ತಡವಾದವರಿಗೆ, ನೋವು ನಿಧಾನವಾದವರಿಗೆ, ತೊಡಕಿದ್ದವರಿಗೆ. ಆ ಕಷ್ಟಗಳೇ ಖಿನ್ನತೆಗೆ ದಾರಿಮಾಡಬಲ್ಲವು. ದಾಖಲೆಗಳನ್ನು ಎಷ್ಟು ಜರಡಿ ಹಿಡಿದರೂ ಇವೆರಡನ್ನು ಪೂರ್ತಿ ಬೇರ್ಪಡಿಸಲಾಗದು.

ಹೆರಿಗೆಯಾದ ಮೇಲೆ ಮನಸ್ಸನ್ನು ಅಲುಗಾಡಿಸುವ ದೊಡ್ಡ ಸಂಗತಿ ಬೇರೊಂದಿದೆ. ಒಂಬತ್ತು ತಿಂಗಳು ಏರುತ್ತ ಹೋದ ಈಸ್ಟ್ರೋಜೆನ್ ಮತ್ತು ಪ್ರೊಜೆಸ್ಟರಾನ್, ಮಾಸು ಬಿದ್ದ ಕೆಲವೇ ದಿನಗಳಲ್ಲಿ ಪಾತಾಳಕ್ಕಿಳಿಯುತ್ತವೆ. 2000ರಲ್ಲಿ ಪ್ರಕಟವಾದ ಒಂದು ಪ್ರಯೋಗ ಇದನ್ನು ಚೆನ್ನಾಗಿ ತೋರಿಸುತ್ತದೆ. ಹಿಂದೆ ಬಾಣಂತಿ ಖಿನ್ನತೆ ಅನುಭವಿಸಿದ 8 ಮಂದಿ ಹೆಂಗಸರಿಗೂ, ಅನುಭವಿಸದ 8 ಮಂದಿಗೂ ಈ ಎರಡು ಹಾರ್ಮೋನುಗಳನ್ನು ಹೆಚ್ಚಿನ ಪ್ರಮಾಣದಲ್ಲಿ ಕೊಟ್ಟು, ಆಮೇಲೆ ಗುಟ್ಟಾಗಿ ನಿಲ್ಲಿಸಿದರು. ಮೊದಲ ಗುಂಪಿನ 5 ಮಂದಿಯ ಮನಸ್ಸು ಕುಸಿಯಿತು. ಎರಡನೆಯ ಗುಂಪಿನಲ್ಲಿ ಒಬ್ಬರದೂ ಕುಸಿಯಲಿಲ್ಲ. ಹಾರ್ಮೋನಿನ ಇಳಿತ ಇಬ್ಬರಿಗೂ ಒಂದೇ, ಆ ಇಳಿತಕ್ಕೆ ಮೆದುಳು ಸ್ಪಂದಿಸುವ ಬಗೆ ಬೇರೆ. ಪ್ರೊಜೆಸ್ಟರಾನ್‌ನಿಂದ ಹುಟ್ಟುವ ಅಲೊಪ್ರೆಗ್ನನೊಲೋನ್ ಎಂಬ ವಸ್ತು ಗರ್ಭಿಣಿಯಲ್ಲಿ ಮೆದುಳನ್ನೂ ಆಕ್ಸಿಟೋಸಿನ್ ಕೋಶಗಳನ್ನೂ ಶಾಂತವಾಗಿಡುತ್ತದೆ. ಅದು ಒಮ್ಮೆಗೇ ಇಲ್ಲವಾಗುವುದೂ ಈ ಕುಸಿತದ ಒಂದು ಎಳೆ. ಆ ವಸ್ತುವನ್ನೇ ಔಷಧವನ್ನಾಗಿ ಮಾಡಿದ ಬ್ರೆಕ್ಸಾನೊಲೋನ್‌ಗೆ ಅಮೆರಿಕದಲ್ಲಿ 2019ರಲ್ಲಿ ಬಾಣಂತಿ ಖಿನ್ನತೆಗೆಂದು ಅನುಮತಿ ಸಿಕ್ಕಿತು.

ಮುಂದಿನ ಹೆರಿಗೆಯಲ್ಲಿ ಆಕ್ಸಿಟೋಸಿನ್ ಬೇಡವೆಂದು ಹಟ ಹಿಡಿಯಬೇಡಿ. ಮಗು ಹುಟ್ಟಿದ ಕೂಡಲೇ ಕೊಡುವ 10 ಯೂನಿಟ್‌ನ ಚುಚ್ಚುಮದ್ದು ತಾಯಿಯ ಅತಿ ರಕ್ತಸ್ರಾವವನ್ನು ತಡೆದು ಜೀವ ಉಳಿಸುತ್ತದೆ.

ಪ್ರಶ್ನೆ: ಮಗುವಿಗೆ ನಾಲ್ಕು ತಿಂಗಳು. ಹಾಲೂಡಿಸುವಾಗ ತಾಯಿಗೆ ನೆಮ್ಮದಿ ಎಂದು ಎಲ್ಲರೂ ಹೇಳುತ್ತಾರೆ. ನನಗೆ ಮಾತ್ರ ಮಗು ಬಾಯಿ ಹಾಕಿದ ಸ್ವಲ್ಪ ಹೊತ್ತಿಗೆ, ಹಾಲು ಇಳಿಯುವ ಮುಂಚೆ, ಹೊಟ್ಟೆಯಲ್ಲಿ ಏನೋ ಜಾರಿದಂತಾಗಿ ತಡೆಯಲಾರದ ದುಃಖ ಬರುತ್ತದೆ. ಎರಡು ಮೂರು ನಿಮಿಷದಲ್ಲಿ ಅದು ಬಂದಂತೆಯೇ ಹೋಗುತ್ತದೆ. ಉಳಿದ ಹೊತ್ತೆಲ್ಲ ನಾನು ಚೆನ್ನಾಗಿಯೇ ಇರುತ್ತೇನೆ. ಹೇಳಿಕೊಳ್ಳಲು ನಾಚಿಕೆ. ನಾನು ಕೆಟ್ಟ ತಾಯಿಯೇ?

ಉತ್ತರ: ಖಂಡಿತ ಅಲ್ಲ. ನೀವು ಅದು ಬರುವ ಮತ್ತು ಹೋಗುವ ಹೊತ್ತನ್ನು ಇಷ್ಟು ಕರಾರುವಾಕ್ಕಾಗಿ ಬರೆದಿರುವುದರಿಂದಲೇ ನನಗೆ ಗುರುತು ಹಿಡಿಯಲು ಸುಲಭವಾಯಿತು. ಹಾಲು ಇಳಿಯುವ ಕೆಲವು ಕ್ಷಣ ಮುಂಚೆ ಶುರುವಾಗಿ ಕೆಲವೇ ನಿಮಿಷಗಳಲ್ಲಿ ಮುಗಿಯುವ ಈ ದುಃಖಕ್ಕೆ ಡಿ-ಎಂಇಆರ್ ಎಂಬ ಹೆಸರಿದೆ. ಇದು ಮನಸ್ಸಿನ ದೌರ್ಬಲ್ಯವಲ್ಲ, ಮಗುವಿನ ಮೇಲಿನ ಅಸಹನೆಯೂ ಅಲ್ಲ; ದೇಹದ ಒಂದು ಪ್ರತಿವರ್ತನೆ. ಮಗು ಚೀಪಿದಾಗ ಆಕ್ಸಿಟೋಸಿನ್ ಚಿಮ್ಮಿ ಹಾಲಿನ ಗ್ರಂಥಿಗಳನ್ನು ಹಿಂಡುತ್ತದೆ, ಪ್ರೊಲ್ಯಾಕ್ಟಿನ್ ಎಂಬ ಇನ್ನೊಂದು ಹಾರ್ಮೋನು ಏರಲೆಂದು ಡೋಪಮೈನ್ ಎಂಬ ಮೆದುಳಿನ ರಾಸಾಯನಿಕ ತಗ್ಗುತ್ತದೆ. ಆ ತಗ್ಗುವಿಕೆ ಕೆಲವರಲ್ಲಿ ಮನಸ್ಸಿಗೂ ತಟ್ಟುತ್ತದೆಂಬುದು ಹೆಚ್ಚು ಚಲಾವಣೆಯಲ್ಲಿರುವ ವಿವರಣೆ.

ನಿಮಗೆ ಉಳಿದವರು ಹೇಳಿದ ನೆಮ್ಮದಿಯೂ ಸುಳ್ಳಲ್ಲ. ಹಾಲೂಡಿಸುವ ತಾಯಂದಿರಲ್ಲಿ ಒತ್ತಡಕ್ಕೆ ದೇಹ ಕೊಡುವ ಪ್ರತಿಕ್ರಿಯೆ ಮಂದವಾಗಿರುತ್ತದೆ ಎಂದು 1995ರಿಂದೀಚೆಗೆ ಹಲವು ಅಧ್ಯಯನಗಳು ತೋರಿಸಿವೆ. ಆದರೆ ಆಕ್ಸಿಟೋಸಿನ್ ಎಂದರೆ ಸುಖ ಎಂದು ಸಮೀಕರಿಸಿದವರಿಗೆ 2013ರ ಒಂದು ಚಿಕ್ಕ ಅಧ್ಯಯನವನ್ನು ಓದಿಸಬೇಕು. ಬಾಣಂತಿ ಖಿನ್ನತೆಯಿದ್ದ 25 ತಾಯಂದಿರಿಗೆ ಮೂಗಿನ ಮೂಲಕ ಆಕ್ಸಿಟೋಸಿನ್ ಕೊಟ್ಟಾಗ ಅವರ ಮನಸ್ಸು ಇನ್ನಷ್ಟು ಕುಗ್ಗಿತು, ಆದರೆ ಮಗುವಿನೊಂದಿಗಿನ ತಮ್ಮ ಸಂಬಂಧವನ್ನು ಅವರು ಮೊದಲಿಗಿಂತ ಒಳ್ಳೆಯದೆಂದು ಬಣ್ಣಿಸಿದರು. ದುಃಖವೂ ಅಕ್ಕರೆಯೂ ಒಂದೇ ಮಡಿಲಲ್ಲಿ ಇರಬಲ್ಲವು.

ಇದು ಏನೆಂದು ಗೊತ್ತಾದ ಮೇಲೆ ಅನೇಕ ತಾಯಂದಿರಿಗೆ ತಡೆದುಕೊಳ್ಳುವುದು ಸುಲಭವಾಗುತ್ತದೆ. ಹಾಲೂಡಿಸಲು ಕೂರುವ ಮುನ್ನ ಒಂದು ಲೋಟ ನೀರು ಕುಡಿದು, ಆ ಎರಡು ನಿಮಿಷ ಯಾರ ಜೊತೆಗಾದರೂ ಮಾತಿನಲ್ಲಿ ತೊಡಗಿರಿ. ದುಃಖ ಆ ನಿಮಿಷಗಳನ್ನು ಮೀರಿ ಇಡೀ ದಿನಕ್ಕೆ ಹರಡತೊಡಗಿದರೆ ಅದು ಬೇರೆ ಸಮಸ್ಯೆ. ಆಗ ವೈದ್ಯರನ್ನು ಕಾಣಲು ತಡಮಾಡಬೇಡಿ.

ಪ್ರಶ್ನೆ: ಹೆರಿಗೆಯೂ ಇಲ್ಲ, ಹಾಲೂಡಿಸುವುದೂ ಇಲ್ಲ. ಗಂಡಸರ ಮೈಯಲ್ಲಿ ಈ ಹಾರ್ಮೋನಿಗೆ ಏನು ಕೆಲಸ? ಮಗಳು ಹುಟ್ಟಿದ ಮೇಲೆ ನನ್ನ ಸಿಟ್ಟು ಕಡಿಮೆಯಾಗಿದೆ ಎಂದು ಮನೆಯಲ್ಲಿ ಎಲ್ಲರೂ ನಗುತ್ತಾರೆ.

ಉತ್ತರ: ನಗಲಿ ಬಿಡಿ. ಇಸ್ರೇಲಿನ ರುತ್ ಫೆಲ್ಡ್‌ಮನ್ ಅವರ ತಂಡ 2010ರಲ್ಲಿ ಮೊದಲ ಮಗುವಾದ 80 ದಂಪತಿಗಳನ್ನು ಆರು ತಿಂಗಳು ಗಮನಿಸಿ, ತಾಯಿ ತಂದೆ ಇಬ್ಬರ ರಕ್ತದಲ್ಲೂ ಆಕ್ಸಿಟೋಸಿನ್ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿತ್ತೆಂದು ಕಂಡುಕೊಂಡಿತು. ವ್ಯತ್ಯಾಸವಿದ್ದದ್ದು ಅದು ಯಾವ ನಡವಳಿಕೆಯೊಂದಿಗೆ ಹೆಣೆದುಕೊಂಡಿತ್ತು ಎಂಬುದರಲ್ಲಿ. ಆಕ್ಸಿಟೋಸಿನ್ ಹೆಚ್ಚಿದ್ದ ತಾಯಂದಿರು ಮಗುವನ್ನು ಮುದ್ದಿಸಿ, ಮುಖ ನೋಡುತ್ತ ಮಾತನಾಡಿಸುವುದು ಹೆಚ್ಚು. ಆಕ್ಸಿಟೋಸಿನ್ ಹೆಚ್ಚಿದ್ದ ತಂದೆಯರು ಕೈಕಾಲು ಆಡಿಸಿ, ಆಟಿಕೆ ತೋರಿಸಿ ಕುಣಿಸುವುದು ಹೆಚ್ಚು. ಇನ್ನು ಸಿಟ್ಟಿನ ಮಾತು. ಫಿಲಿಪ್ಪೀನ್ಸ್‌ನ 624 ಗಂಡಸರನ್ನು ಹಲವು ವರ್ಷ ಗಮನಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನ, ತಂದೆಯಾದವರ ಟೆಸ್ಟೋಸ್ಟೆರಾನ್ ಗಣನೀಯವಾಗಿ ಇಳಿಯುತ್ತದೆಂದೂ, ಮಗುವಿನ ಆರೈಕೆಯಲ್ಲಿ ಹೆಚ್ಚು ತೊಡಗಿದವರಲ್ಲಿ ಅದು ಇನ್ನೂ ಕಡಿಮೆಯಿರುತ್ತದೆಂದೂ ತೋರಿಸಿತು. ನಿಮ್ಮ ಸಿಟ್ಟು ಇಳಿದದ್ದಕ್ಕೆ ಇದೊಂದೇ ಕಾರಣವೆಂದು ನಾನು ಹೇಳುವುದಿಲ್ಲ. ನಿದ್ದೆಗೆಟ್ಟವರಿಗೆ ಸಿಟ್ಟು ಮಾಡಲು ಶಕ್ತಿಯೂ ಉಳಿದಿರುವುದಿಲ್ಲ.

ಆತಂಕದ ಮಟ್ಟಿಗೆ ಹೇಳುವುದಾದರೆ, 2003ರಲ್ಲಿ 37 ಗಂಡಸರ ಮೇಲೆ ನಡೆದ ಪ್ರಯೋಗವೊಂದು ಸ್ವಾರಸ್ಯಕರ. ಸಭೆಯ ಮುಂದೆ ಭಾಷಣ ಮಾಡಿಸುವ ಪರೀಕ್ಷೆಯಲ್ಲಿ, ಆಕ್ಸಿಟೋಸಿನ್ ಪಡೆದು, ಜೊತೆಗೆ ಆಪ್ತ ಗೆಳೆಯನೊಬ್ಬನ ಬೆಂಬಲವನ್ನೂ ಪಡೆದವರಲ್ಲಿ ಒತ್ತಡದ ಹಾರ್ಮೋನಾದ ಕಾರ್ಟಿಸಾಲ್ ಎಲ್ಲರಿಗಿಂತ ಕಡಿಮೆಯಿತ್ತು. ಗೆಳೆಯನನ್ನು ಕರೆತರುವುದು ಸ್ಪ್ರೇಗಿಂತ ಸುಲಭ.

ಪ್ರಶ್ನೆ: ಮುಟ್ಟಿಗೆ ಮುಂಚಿನ ವಾರ ಕಾರಣವಿಲ್ಲದೆ ಭಯ, ರೇಗಾಟ. ಆ ವಾರ ಆಕ್ಸಿಟೋಸಿನ್ ಕಡಿಮೆಯಾಗುವುದರಿಂದ ಹೀಗೆ ಎಂದು ಗೆಳತಿ ಹೇಳಿದಳು. ನಾನು ಗರ್ಭನಿರೋಧಕ ಮಾತ್ರೆ ಶುರುಮಾಡಬೇಕೆಂದಿದ್ದೇನೆ. ಅದರಿಂದ ಏನಾದರೂ ವ್ಯತ್ಯಾಸವಾಗುತ್ತದೆಯೇ?

ಉತ್ತರ: ನಿಮ್ಮ ಗೆಳತಿಯ ಮಾತಿನಲ್ಲಿ ಅರ್ಧ ಸತ್ಯವಿದೆ. ರಕ್ತದ ಆಕ್ಸಿಟೋಸಿನ್ ಅಂಡೋತ್ಸರ್ಗದ ಹೊತ್ತಿಗೆ ಏರಿ, ಆಮೇಲಿನ ದಿನಗಳಲ್ಲಿ ಇಳಿಯುತ್ತದೆ. ಆದರೆ ಆ ಇಳಿತ ಎಲ್ಲ ಹೆಂಗಸರಲ್ಲೂ ಆಗುತ್ತದೆ. ಭಯ, ರೇಗಾಟಗಳು ಎಲ್ಲರಿಗೂ ಬರುವುದಿಲ್ಲ. 1998ರಲ್ಲಿ ಅಮೆರಿಕದ ಪೀಟರ್ ಶ್ಮಿಟ್ ಮತ್ತು ಸಂಗಡಿಗರು, ಮುಟ್ಟಿನ ಮುಂಚೆ ತೀವ್ರವಾಗಿ ನರಳುವ ಹೆಂಗಸರ ಅಂಡಾಶಯವನ್ನು ಔಷಧದಿಂದ ತಾತ್ಕಾಲಿಕವಾಗಿ ಸುಮ್ಮನಾಗಿಸಿದಾಗ ಅವರಲ್ಲಿ ಹಲವರಿಗೆ ನೆಮ್ಮದಿಯಾಯಿತು. ಈಸ್ಟ್ರೋಜೆನ್ ಅಥವಾ ಪ್ರೊಜೆಸ್ಟರಾನ್ ಮತ್ತೆ ಕೊಟ್ಟಾಗ ನರಳಾಟ ಮರಳಿತು. ಆ ತೊಂದರೆಯಿಲ್ಲದ ಹೆಂಗಸರಿಗೆ ಅದೇ ಹಾರ್ಮೋನುಗಳನ್ನು ಕೊಟ್ಟಾಗ ಏನೂ ಆಗಲಿಲ್ಲ. ಹಿಂದೆ ಬಾಣಂತಿಯರ ವಿಷಯದಲ್ಲಿ ಹೇಳಿದ್ದೇ ಇಲ್ಲೂ ಅನ್ವಯಿಸುತ್ತದೆ: ಹಾರ್ಮೋನು ಒಂದೇ, ಅದಕ್ಕೆ ಮೆದುಳು ಸ್ಪಂದಿಸುವ ಬಗೆ ಬೇರೆ.

ಮಾತ್ರೆಯ ವಿಷಯ ಇನ್ನೂ ಜಟಿಲ. ಅದು ಅಂಡೋತ್ಸರ್ಗವನ್ನೇ ತಡೆಯುವುದರಿಂದ ಹಾರ್ಮೋನುಗಳ ಸಹಜ ಏರಿಳಿತ ನಿಲ್ಲುತ್ತದೆ. ಜರ್ಮನಿಯ ಬಾನ್‌ನಲ್ಲಿ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮಾತ್ರೆ ನುಂಗದ ಹೆಂಗಸರಿಗೆ ಆಕ್ಸಿಟೋಸಿನ್ ಕೊಟ್ಟಾಗ ತಮ್ಮ ಸಂಗಾತಿಯ ಮುಖ ಇನ್ನಷ್ಟು ಚೆಲುವಾಗಿ ಕಂಡಿತು. ಹಾರ್ಮೋನಿನ ಗರ್ಭನಿರೋಧಕ ಬಳಸುತ್ತಿದ್ದವರಲ್ಲಿ ಅಂಥ ಫಲ ಕಾಣಲಿಲ್ಲ. ಇದನ್ನು ಓದಿ ಮಾತ್ರೆ ಬಿಡಬೇಕಾಗಿಲ್ಲ. ದಿನನಿತ್ಯದ ಅಕ್ಕರೆಯನ್ನು ಆ ಪ್ರಯೋಗ ಅಳೆಯಲಿಲ್ಲ. ಕೆಲವು ಮಾತ್ರೆಗಳು ಮುಟ್ಟಿನ ಮುಂಚಿನ ನರಳಾಟವನ್ನು ಇಳಿಸುತ್ತವೆ, ಕೆಲವರಿಗೆ ಮಾತ್ರೆಯಿಂದಲೇ ಮನಸ್ಸು ಕೆಡುತ್ತದೆ. ಶುರುಮಾಡುವ ಮುಂಚೆ ಎರಡು ತಿಂಗಳು, ಶುರುಮಾಡಿದ ಮೇಲೆ ಮೂರು ತಿಂಗಳು ದಿನಚರಿ ಬರೆದು ಸ್ತ್ರೀರೋಗ ತಜ್ಞರಿಗೆ ತೋರಿಸಿ.

ಪ್ರಶ್ನೆ: ರಕ್ತದಲ್ಲಿ ಆಕ್ಸಿಟೋಸಿನ್ ಎಷ್ಟಿದೆ ಎಂದು ಪರೀಕ್ಷೆ ಮಾಡಿಸಿ, ಕಡಿಮೆಯಿದ್ದರೆ ಔಷಧ ತೆಗೆದುಕೊಳ್ಳಬಹುದೇ?

ಉತ್ತರ: ಬೇಡ. ರಕ್ತಕ್ಕೆ ಬಂದ ಆಕ್ಸಿಟೋಸಿನ್ ಕೆಲವೇ ನಿಮಿಷಗಳಲ್ಲಿ ಅರ್ಧಕ್ಕಿಳಿಯುತ್ತದೆ. ಮೆದುಳಿನೊಳಗೆ ಏನು ನಡೆಯುತ್ತಿದೆ ಎಂಬುದನ್ನು ತೋಳಿನಿಂದ ತೆಗೆದ ರಕ್ತ ಸರಿಯಾಗಿ ಹೇಳುವುದಿಲ್ಲ. ಬೇರೆಬೇರೆ ವಿಧಾನಗಳಲ್ಲಿ ಅಳೆದರೆ ಅಂಕಿಗಳು ಹತ್ತಾರು ಪಟ್ಟು ಬೇರೆಯಾಗಿ ಬರುತ್ತವೆ. ಅಂಕಿ ಸರಿಯಾಗಿಯೇ ಬಂತೆನ್ನೋಣ, ಅದರ ಅರ್ಥವೇನು? ಅಮೆರಿಕದ ಮನೋವಿಜ್ಞಾನಿ ಶೆಲ್ಲಿ ಟೇಲರ್ ಅವರ ತಂಡ 2010ರಲ್ಲಿ ವರದಿ ಮಾಡಿದಂತೆ, ಸಂಗಾತಿಯೊಂದಿಗೆ ಹೊಂದಾಣಿಕೆಯಿಲ್ಲದೆ ನೊಂದಿದ್ದ ಹೆಂಗಸರಲ್ಲಿ ರಕ್ತದ ಆಕ್ಸಿಟೋಸಿನ್ ಕಡಿಮೆಯಲ್ಲ, ಹೆಚ್ಚಿತ್ತು. ಅಂಥದೇ ನೋವಿನಲ್ಲಿದ್ದ ಗಂಡಸರಲ್ಲಿ ಆಕ್ಸಿಟೋಸಿನ್‌ಗೆ ಅಂಥ ನಂಟು ಕಾಣಲಿಲ್ಲ, ಹೆಚ್ಚಿದ್ದದ್ದು ವಾಸೋಪ್ರೆಸಿನ್. ಹಾಗಾಗಿ ಪ್ರಯೋಗಾಲಯದವರು ನಿಮ್ಮ ಕೈಗಿಡುವ ಹಾಳೆಯಲ್ಲಿ ದೊಡ್ಡ ಅಂಕಿ ಇದ್ದರೆ, ಅದು ನೀವು ನೆಮ್ಮದಿಯಾಗಿರುವುದರಿಂದಲೋ ನೆಮ್ಮದಿ ಕಳೆದುಕೊಂಡಿರುವುದರಿಂದಲೋ ಎಂದು ಯಾವ ವೈದ್ಯರೂ ಹೇಳಲಾರರು. ಅವರು ಮತ್ತೆ ನಿಮ್ಮನ್ನೇ ಕೇಳಬೇಕಾಗುತ್ತದೆ.